ಬಿಡಾರದಿಂದ ಒಕ್ಕಲಿಗೆ

ಕನ್ನಡದಲ್ಲಿ ಬಿಡಾರ ಎಂಬುದು ಒಂದು ಮಾತು, ಒಕ್ಕಲು ಎಂಬುದು ಇನ್ನೊಂದು. ದಾರಿ ನಡೆದು ಬಂದವನು ರಾತ್ರಿ ಕಳೆಯಲು ಇಳಿಯುವ ಎಡೆ ಬಿಡಾರ. ನಾಟಕದ ಕಂಪನಿಯವರು ಊರಿಗೆ ಬಂದಾಗ ಹೂಡುವುದೂ ಬಿಡಾರವೇ. ಹೊಸ ಮನೆಯಲ್ಲಿ ಹಾಲುಕ್ಕಿಸಿ, ಒಲೆ ಹೊತ್ತಿಸಿ, ಸಂಸಾರ ಹೂಡಿದರೆ ಅದು ಒಕ್ಕಲು. ಹೊಟ್ಟೆಪಾಡಿಗಾಗಿ ಅಥವಾ ವಿದ್ಯೆಯ ಫಲಕ್ಕಾಗಿ ಪರದೇಶಕ್ಕೆ ಹೋದ ಮನುಷ್ಯ ಮೊದಲು ಬಿಡಾರವನ್ನೇ ಹೂಡುತ್ತಾನೆ. ಆ ಬಿಡಾರ ಯಾವಾಗ ಒಕ್ಕಲಾಗುತ್ತದೆ? ಅದನ್ನು ನಿರ್ಣಯಿಸುವವರು ಯಾರು: ಹೋದವನೋ, ಅವನನ್ನು ಕರೆದ ಯಜಮಾನನೋ, ಆ ದೇಶದ ಸರ್ಕಾರವೋ? ಇಂದು ನಮ್ಮ ಊರೂರುಗಳಿಂದ ಎಂಜಿನಿಯರರೂ ದಾದಿಯರೂ ಹೊರಗೆ ಹೋಗುತ್ತಿರುವ ಕಾಲದಲ್ಲಿ ಇದು ಕೇವಲ ಕಾಯಿದೆಪಂಡಿತರ ಪ್ರಶ್ನೆಯಲ್ಲ, ಮನೆಮನೆಯ ಪ್ರಶ್ನೆ. ಇದಕ್ಕೆ ಉತ್ತರ ಹುಡುಕಲು ಒಂದು ದೇಶದ ಅರ್ಧ ಶತಮಾನಕ್ಕೂ ಮಿಕ್ಕ ಅನುಭವವನ್ನು ಇಲ್ಲಿ ನೋಡೋಣ. ಆ ದೇಶ ಜರ್ಮನಿ.

ಜರ್ಮನಿ ನಮಗೆ ತೀರ ಅಪರಿಚಿತವಾದ ದೇಶವಲ್ಲ. 1853ರಲ್ಲಿ ಕನ್ನಡನಾಡಿಗೆ ಬಂದ ಫರ್ಡಿನೆಂಡ್ ಕಿಟ್ಟೆಲ್ ಅವರು 1894ರಲ್ಲಿ ನಮಗೆ ಮಹಾನಿಘಂಟನ್ನು ಕೊಟ್ಟು, ತಮ್ಮ ನಾಡಿಗೆ ಮರಳಿ 1903ರಲ್ಲಿ ಟ್ಯೂಬಿಂಗನ್ನಿನಲ್ಲಿ ತೀರಿಕೊಂಡರು. ಅವರು ಇಲ್ಲಿ ನೆಲೆಸಿದ ಕಾಲದಲ್ಲಿ ವಾಸದ ಪರವಾನಗಿ, ಅದರ ಅವಧಿ, ಅದರ ನವೀಕರಣ ಎಂಬ ಈಗಿನ ಕಟ್ಟಳೆಗಳು ಇರಲಿಲ್ಲ. ಪಾಸ್‌ಪೋರ್ಟು, ವೀಸಾ, ಕೆಲಸದ ಪರವಾನಗಿ ಎಂಬ ತ್ರಿಮೂರ್ತಿಗಳು ಇಂದಿನ ರೂಪ ತಾಳಿದ್ದು ಮೊದಲನೆಯ ಮಹಾಯುದ್ಧದ ಅನಂತರ.

ಎರಡನೆಯ ಮಹಾಯುದ್ಧದಲ್ಲಿ ಸೋತು ಬೂದಿಯಾಗಿದ್ದ ಪಶ್ಚಿಮ ಜರ್ಮನಿ ಹತ್ತೇ ವರ್ಷಗಳಲ್ಲಿ ತಲೆಯೆತ್ತಿ ನಿಂತಿತು. ಕಾರ್ಖಾನೆಗಳಿಗೆ, ಗಣಿಗಳಿಗೆ, ಹೊಲಗಳಿಗೆ ಆಳುಗಳು ಸಾಲದಾದರು. 1955ರ ಡಿಸೆಂಬರಿನಲ್ಲಿ ಅದು ಇಟಲಿಯೊಡನೆ ಒಂದು ಒಪ್ಪಂದ ಮಾಡಿಕೊಂಡಿತು. ಇಟಲಿಯ ಕೆಲಸಗಾರರನ್ನು ಆಯ್ದು ಕರೆತರುವುದು, ಜರ್ಮನ್ ಕೆಲಸಗಾರನಿಗೆ ಕೊಡುವಷ್ಟೇ ಕೂಲಿ ಕೊಡುವುದು, ಕೆಲಸ ಮುಗಿದ ಮೇಲೆ ಅವರು ಹಿಂತಿರುಗುವುದು: ಇದು ಅದರ ಸಾರಾಂಶ. 1960ರಲ್ಲಿ ಸ್ಪೇನ್ ಮತ್ತು ಗ್ರೀಸ್ ದೇಶಗಳೊಡನೆಯೂ ಇಂಥದೇ ಒಪ್ಪಂದವಾಯಿತು. ಆವರೆಗೆ ಪೂರ್ವ ಜರ್ಮನಿಯಿಂದ ಪಶ್ಚಿಮಕ್ಕೆ ಜನ ನಿರಂತರವಾಗಿ ಬರುತ್ತಿದ್ದರು. 1961ರ ಆಗಸ್ಟ್ 13ರಂದು ಬರ್ಲಿನ್ನಿನಲ್ಲಿ ಗೋಡೆ ಎದ್ದಿತು. ಆ ಪ್ರವಾಹ ನಿಂತುಹೋಯಿತು. ಅದೇ ವರ್ಷದ ಅಕ್ಟೋಬರಿನಲ್ಲಿ ತುರ್ಕಿಯೊಡನೆ ಒಪ್ಪಂದವಾದುದು ಆಕಸ್ಮಿಕವಲ್ಲ. ಮುಂದೆ ಮೊರಾಕೊ, ಪೋರ್ಚುಗಲ್, ಟ್ಯುನೀಸಿಯ, ಯುಗೊಸ್ಲಾವಿಯಗಳೂ ಈ ಪಟ್ಟಿಗೆ ಸೇರಿದವು.

ಹೀಗೆ ಬಂದವರಿಗೆ ಜರ್ಮನರು ಇಟ್ಟ ಹೆಸರು ಗಾಸ್ಟ್‌ಆರ್ಬೈಟರ್, ಅಂದರೆ ಅತಿಥಿ ಕೆಲಸಗಾರ. ಈ ಮಾತಿನಲ್ಲಿ ಇರುವ ವಿರೋಧವನ್ನು ಗಮನಿಸಬೇಕು. ನಮ್ಮಲ್ಲಿ ಅತಿಥಿ ಎಂದರೆ ತಿಥಿ ನೋಡದೆ ಬರುವವನು ಎಂದು ಹಿರಿಯರು ಅರ್ಥ ಹೇಳುತ್ತಾರೆ. ಅವನಿಗೆ ಕಾಲು ತೊಳೆಯಲು ನೀರು ಕೊಟ್ಟು, ಎಲೆ ಹಾಕಿ ಬಡಿಸುತ್ತೇವೆಯೇ ಹೊರತು ಅವನಿಂದ ಸೌದೆ ಒಡೆಸುವುದಿಲ್ಲ. ಜರ್ಮನಿಯ ಅತಿಥಿಯಾದರೋ ಕರೆಸಿಕೊಂಡು ಬಂದವನು, ದುಡಿಯಲೆಂದೇ ಬಂದವನು, ಹೊರಡುವ ತಿಥಿಯನ್ನು ಜೇಬಿನಲ್ಲಿ ಇಟ್ಟುಕೊಂಡೇ ಬಂದವನು. ತುರ್ಕಿಯವರ ಒಪ್ಪಂದದಲ್ಲಂತೂ ಎರಡು ವರ್ಷಗಳ ಮಿತಿಯನ್ನು ಸ್ಪಷ್ಟವಾಗಿ ಬರೆಯಲಾಗಿತ್ತು. ಒಬ್ಬನು ಎರಡು ವರ್ಷ ದುಡಿದು ಹೋಗಬೇಕು, ಅವನ ಜಾಗಕ್ಕೆ ಇನ್ನೊಬ್ಬನು ಬರಬೇಕು. ಏತದ ಚಕ್ರದಂತೆ ಸುತ್ತುವ ಈ ಪದ್ಧತಿಯಲ್ಲಿ ಯಾರೂ ಬೇರು ಬಿಡಲಾರರು ಎಂಬುದು ಎಣಿಕೆ.

ಇಸ್ತಾಂಬುಲಿನ ಕಚೇರಿಯಲ್ಲಿ ವೈದ್ಯರು ಅಭ್ಯರ್ಥಿಗಳ ಹಲ್ಲು, ಎದೆ, ರಕ್ತಗಳನ್ನು ಪರೀಕ್ಷಿಸಿ, ಗಟ್ಟಿಮುಟ್ಟಾದವರನ್ನು ಆಯ್ದು ರೈಲು ಹತ್ತಿಸುತ್ತಿದ್ದರು. ದಿನಗಟ್ಟಲೆಯ ಪ್ರಯಾಣದ ಕೊನೆಗೆ ಮ್ಯೂನಿಕ್ ನಿಲ್ದಾಣದ 11ನೆಯ ಪ್ಲಾಟ್‌ಫಾರಮ್ಮಿನಲ್ಲಿ ಇಳಿದವರನ್ನು, ಯುದ್ಧಕಾಲದಲ್ಲಿ ಬಾಂಬಿನಿಂದ ರಕ್ಷಣೆಗಾಗಿ ಕಟ್ಟಿದ್ದ ನೆಲಮಾಳಿಗೆಗೆ ಕರೆದೊಯ್ದು, ಊಟ ಕೊಟ್ಟು, ಬೇರೆ ಬೇರೆ ಊರುಗಳಿಗೆ ಹಂಚುತ್ತಿದ್ದರು. ಬಂದವರಲ್ಲಿ ಬಡಗಿಗಳಿದ್ದರು, ಕಮ್ಮಾರರಿದ್ದರು, ಶಾಲಾ ಉಪಾಧ್ಯಾಯರೂ ಇದ್ದರು. ತಮ್ಮ ಊರಿನಲ್ಲಿ ಕುಶಲಿಗಳಾಗಿದ್ದ ಅನೇಕರು ಇಲ್ಲಿ ಯಂತ್ರದ ಮುಂದೆ ನಿಂತು ಒಂದೇ ತಿರುಪನ್ನು ದಿನವೆಲ್ಲ ಬಿಗಿಯುವ ಕೆಲಸಕ್ಕೆ ಸೇರಿದರು.

1964ರ ಸೆಪ್ಟೆಂಬರ್ 10ರಂದು ಕಲೋನಿನ ಡಾಯ್ಟ್ಸ್ ನಿಲ್ದಾಣದಲ್ಲಿ ಹತ್ತು ಲಕ್ಷದ ಅತಿಥಿ ಬಂದಿಳಿದ. ಅವನು ಪೋರ್ಚುಗಲ್ಲಿನ ಬಡಗಿ ಅರ್ಮಾಂಡೊ ರೊಡ್ರಿಗೆಸ್ ದ ಸಾ. ವಾದ್ಯ ಮೊಳಗಿತು, ಹೂಗುಚ್ಛ ಕೊಟ್ಟರು, ಉದ್ಯಮಪತಿಗಳ ಪರವಾಗಿ ಒಂದು ಮೊಪೆಡ್ಡನ್ನು ಬಹುಮಾನವಾಗಿ ಕೊಟ್ಟರು. ಬೆದರಿದ ಮುಖದಿಂದ ಮೊಪೆಡ್ಡಿನ ಮೇಲೆ ಕುಳಿತ ಅವನ ಚಿತ್ರ ಪತ್ರಿಕೆಗಳಲ್ಲೆಲ್ಲ ಬಂದಿತು. ಅನಂತರದ ಕಥೆ ಪತ್ರಿಕೆಗಳಲ್ಲಿ ಬರಲಿಲ್ಲ. ಕೆಲವು ವರ್ಷ ದುಡಿದು, ಕಾಯಿಲೆ ಬಿದ್ದು, ಅವನು ಊರಿಗೆ ಮರಳಿದ. ಕೂಡಿಟ್ಟ ಹಣವೆಲ್ಲ ಔಷಧಕ್ಕೆ ಸೋರಿಹೋಯಿತು. ಜರ್ಮನಿಯ ವಿಮೆಯಿಂದ ತನಗೆ ನೆರವು ಸಿಗಬಹುದಿತ್ತೆಂಬ ಸಂಗತಿ ಅವನಿಗೆ ಗೊತ್ತೇ ಇರಲಿಲ್ಲ. 1979ರಲ್ಲಿ ಅವನು ತೀರಿಕೊಂಡ. ಆ ಮೊಪೆಡ್ ಇಂದು ಬಾನ್ ನಗರದ ಇತಿಹಾಸ ಸಂಗ್ರಹಾಲಯದಲ್ಲಿ ಇದೆ. ಬಿಡಾರದ ಬದುಕೆಂದರೆ ಏನೆಂಬುದಕ್ಕೆ ಇದೊಂದು ನಿದರ್ಶನ: ವಂತಿಗೆ ಕಟ್ಟಿದವನಿಗೆ ತನ್ನ ಹಕ್ಕು ಯಾವುದೆಂದು ತಿಳಿಯದು, ತಿಳಿಸುವ ಹೊಣೆ ಯಾರದೂ ಅಲ್ಲ.

ಇನ್ನು ಆ ಎರಡು ವರ್ಷಗಳ ಚಕ್ರ ಏನಾಯಿತು? ಅದನ್ನು ಮೊದಲು ಮುರಿದವರು ಕೆಲಸಗಾರರಲ್ಲ, ಯಜಮಾನರು. ಭಾಷೆ ತಿಳಿಯದ ಒಬ್ಬನನ್ನು ತಂದು, ಆರು ತಿಂಗಳು ಪಳಗಿಸಿ, ಅವನ ಕೈ ಕುದುರುವ ವೇಳೆಗೆ ರೈಲು ಹತ್ತಿಸಿ ಕಳುಹಿಸುವುದು ನಷ್ಟದ ಬಾಬತ್ತೆಂದು ಕಾರ್ಖಾನೆಯವರು ಲೆಕ್ಕ ಹಾಕಿದರು. ಅವರ ಒತ್ತಾಯದಿಂದ 1964ರಲ್ಲಿ ತುರ್ಕಿಯ ಒಪ್ಪಂದವನ್ನು ತಿದ್ದಿ, ಎರಡು ವರ್ಷಗಳ ಮಿತಿಯನ್ನು ತೆಗೆದುಹಾಕಲಾಯಿತು. ಕುಶಲತೆ ಎಂಬುದು ಕಾಲದಿಂದ ಬರತಕ್ಕದ್ದು. ಕಾಲ ಕಳೆದಂತೆ ಕೈಯಷ್ಟೇ ಅಲ್ಲ, ಮನುಷ್ಯನೂ ಆ ನೆಲಕ್ಕೆ ಒಗ್ಗುತ್ತಾನೆ. ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಕಳುಹಿಸಲು ಆಗದು. ಈ ಸರಳವಾದ ಸತ್ಯವನ್ನು ಕಾರ್ಖಾನೆ ಬೇಗ ಅರಿತುಕೊಂಡಿತು. ಸರ್ಕಾರ ಅರಿಯಲು ಇನ್ನೂ ನಾಲ್ಕು ದಶಕಗಳು ಬೇಕಾದವು.

1973ರಲ್ಲಿ ಎಣ್ಣೆಯ ಬೆಲೆ ಏರಿ, ಲೋಕದ ವ್ಯಾಪಾರವೇ ತತ್ತರಿಸಿತು. ಅದೇ ವರ್ಷದ ನವೆಂಬರ್ 23ರಂದು ಪಶ್ಚಿಮ ಜರ್ಮನಿ ಹೊರಗಿನಿಂದ ಕೆಲಸಗಾರರನ್ನು ಕರೆತರುವುದನ್ನು ನಿಲ್ಲಿಸಿತು. ಆಗ ಅಲ್ಲಿ ಸುಮಾರು 26 ಲಕ್ಷ ವಿದೇಶೀ ಕೆಲಸಗಾರರಿದ್ದರು. ಬಾಗಿಲು ಮುಚ್ಚಿದರೆ ಇವರ ಸಂಖ್ಯೆ ತಾನಾಗಿ ಕರಗುವುದೆಂದು ಅಧಿಕಾರಿಗಳು ಭಾವಿಸಿದ್ದರು. ಆದದ್ದು ಬೇರೆ. ಅದುವರೆಗೆ ಬಂದವರಲ್ಲಿ ಬಹುಮಂದಿ ಹೋಗಿ ಬರುತ್ತಿದ್ದರು. 1955ರಿಂದ 1973ರವರೆಗೆ ಬಂದ ಸುಮಾರು 140 ಲಕ್ಷ ಜನರಲ್ಲಿ 110 ಲಕ್ಷದಷ್ಟು ಜನ ಹಿಂತಿರುಗಿದ್ದರೆಂದು ಲೆಕ್ಕ. ಈಗ ಹೊರಗೆ ಹೋದರೆ ಮತ್ತೆ ಒಳಗೆ ಬರಲಾಗದು. ಆದಕಾರಣ ಇದ್ದವರು ಕದಲಲಿಲ್ಲ. ಕದಲದವರು ಹೆಂಡಿರು ಮಕ್ಕಳನ್ನು ಕರೆಸಿಕೊಂಡರು. ಮಕ್ಕಳು ಶಾಲೆಗೆ ಸೇರಿದರು. ಹೊರಗಿನವರನ್ನು ತಡೆಯಲು ಮುಚ್ಚಿದ ಬಾಗಿಲೇ ಒಳಗಿದ್ದವರನ್ನು ನೆಲೆ ನಿಲ್ಲಿಸಿತು.

ಕುಶಲ ಕೆಲಸಗಾರರ ವಿಷಯದಲ್ಲಿ ಈ ಇಕ್ಕಟ್ಟು ಇನ್ನೂ ನಿಚ್ಚಳವಾಗಿ ಕಂಡಿತು. 1960 ಮತ್ತು 70ರ ದಶಕಗಳಲ್ಲಿ ದಕ್ಷಿಣ ಕೊರಿಯದಿಂದ ಸುಮಾರು 10,000 ಮಂದಿ ದಾದಿಯರು ಪಶ್ಚಿಮ ಜರ್ಮನಿಯ ಆಸ್ಪತ್ರೆಗಳಿಗೆ ಬಂದಿದ್ದರು. ನಮ್ಮ ಕೇರಳದಿಂದಲೂ ಕ್ರೈಸ್ತ ಸಂಸ್ಥೆಗಳ ಮೂಲಕ ಅನೇಕ ಹೆಣ್ಣುಮಕ್ಕಳು ಹೋಗಿ, ಅಲ್ಲಿಯೇ ಶುಶ್ರೂಷೆಯನ್ನು ಕಲಿತು ದಾದಿಯರಾಗಿದ್ದರು. ಅವರ ಗಂಡಂದಿರು ಬಂದು ಸೇರಿಕೊಂಡರೆ, ಅವರಿಗೆ ಮೊದಲ ಕೆಲವು ವರ್ಷ ಕೆಲಸ ಮಾಡುವ ಅನುಮತಿ ಇರಲಿಲ್ಲ. 70ರ ದಶಕದ ಉತ್ತರಾರ್ಧದಲ್ಲಿ ಆಸ್ಪತ್ರೆಗಳು ಖರ್ಚು ಕಡಿಮೆ ಮಾಡಹೊರಟಾಗ, ಕೆಲವು ಪ್ರಾಂತಗಳಲ್ಲಿ ಈ ದಾದಿಯರ ಪರವಾನಗಿಗಳನ್ನು ಮುಂದುವರಿಸಲು ನಿರಾಕರಿಸಿದರು. ಕೊರಿಯದ ದಾದಿಯರು ಸುಮ್ಮನಿರಲಿಲ್ಲ. ಬೇಕಾದಾಗ ತರಿಸಿ ಬೇಡವಾದಾಗ ಹಿಂತಿರುಗಿಸಲು ತಾವು ಸರಕಲ್ಲವೆಂದು ಹೇಳಿ, ಊರೂರುಗಳಲ್ಲಿ ಸಹಿ ಸಂಗ್ರಹಿಸಿದರು. ಅವರ ಕೈಯಿಂದ ಆರೈಕೆ ಪಡೆದ ಜರ್ಮನರೂ ಸಹಿ ಹಾಕಿದರು. ಕೊನೆಗೆ ಅವರಿಗೆ ಅಲ್ಲಿಯೇ ಉಳಿಯುವ ಅವಕಾಶ ದೊರೆಯಿತು.

ಇದೇ ಕಾಲದಲ್ಲಿ, 1978ರ ಸೆಪ್ಟೆಂಬರಿನಲ್ಲಿ, ಜರ್ಮನಿಯ ಸಂವಿಧಾನ ನ್ಯಾಯಾಲಯ ಒಂದು ತೀರ್ಪು ಕೊಟ್ಟಿತು. ಅದರಲ್ಲಿ ವಾದಿಯಾಗಿದ್ದವನು ಒಬ್ಬ ಭಾರತೀಯ ಎಂಬುದು ನಮಗೆ ಕುತೂಹಲದ ಸಂಗತಿ. ಹಲವು ವರ್ಷಗಳಿಂದ ಅಲ್ಲಿ ಇದ್ದ ಅವನ ವಾಸದ ಪರವಾನಗಿಯನ್ನು ಅಧಿಕಾರಿಗಳು ಮತ್ತೆ ಮತ್ತೆ ನವೀಕರಿಸಿದ್ದರು. ಒಂದು ಸಲ ಮಾತ್ರ, ಜರ್ಮನಿ ವಲಸೆಯ ದೇಶವಲ್ಲ ಎಂಬ ಸಾಮಾನ್ಯ ಕಾರಣವನ್ನು ಮುಂದಿಟ್ಟು ನಿರಾಕರಿಸಿದರು. ಪರವಾನಗಿಯ ಕಾಗದದಲ್ಲಿ ಅವಧಿ ಬರೆದಿದೆ, ಅವಧಿ ಮುಗಿಯಿತು, ಇನ್ನೇನು ಎಂಬುದು ಸರ್ಕಾರದ ವಾದ. ನ್ಯಾಯಾಲಯ ಒಪ್ಪಲಿಲ್ಲ. ಯಾವ ಎಚ್ಚರಿಕೆಯನ್ನೂ ಕೊಡದೆ ವರ್ಷ ವರ್ಷವೂ ನವೀಕರಿಸುತ್ತ ಬಂದರೆ, ಮುಂದೆಯೂ ಉಳಿಯಬಹುದೆಂಬ ನಂಬಿಕೆ ಮನುಷ್ಯನಲ್ಲಿ ಹುಟ್ಟುತ್ತದೆ. ಆ ನಂಬಿಕೆಯ ಮೇಲೆ ಅವನು ಬಾಳನ್ನು ಕಟ್ಟಿಕೊಳ್ಳುತ್ತಾನೆ. ಹಾಗೆ ಹುಟ್ಟಿಸಿದ ನಂಬಿಕೆಯನ್ನು ಸರ್ಕಾರ ಕಡೆಗಣಿಸಲಾಗದು ಎಂಬುದು ತೀರ್ಪಿನ ತಿರುಳು. ಜರ್ಮನ್ ಕಾಯಿದೆಯ ಗ್ರಂಥಗಳಲ್ಲಿ ಇಂದಿಗೂ ಚರ್ಚೆಗೊಳಗಾಗುವ ತೀರ್ಪು ಇದು. ಅದೇ ವರ್ಷ ಸರ್ಕಾರ ನಿಯಮಗಳನ್ನು ತಿದ್ದಿ, ಐದು ವರ್ಷ ಕ್ರಮವಾಗಿ ನೆಲಸಿದವರಿಗೆ ಅವಧಿಯಿಲ್ಲದ ಪರವಾನಗಿ ದೊರೆಯುವ ದಾರಿಯನ್ನು ಸ್ಪಷ್ಟಪಡಿಸಿತು. ಬಿಡಾರದಿಂದ ಒಕ್ಕಲಿಗೆ ಹೋಗುವ ಹಾದಿಯಲ್ಲಿ ನೆಟ್ಟ ಮೊದಲ ಗುರುತುಗಲ್ಲು ಇದೆನ್ನಬಹುದು.

ಆದರೂ ರಾಜಕಾರಣದ ಮಾತು ಬದಲಾಗಲಿಲ್ಲ. 1979ರಲ್ಲಿ, ವಿದೇಶೀಯರ ಹಿತಕ್ಕಾಗಿ ಸರ್ಕಾರವೇ ನೇಮಿಸಿದ್ದ ಹೈನ್ಸ್ ಕ್ಯೂನ್ ಎಂಬ ಹಿರಿಯರು, ಇವರು ಅತಿಥಿಗಳಲ್ಲ, ವಲಸೆ ಬಂದು ನೆಲಸಿದವರು ಎಂದು ಒಪ್ಪಿಕೊಳ್ಳಿರೆಂದು ವರದಿ ಕೊಟ್ಟರು. ವರದಿ ಕಪಾಟು ಸೇರಿತು. 1983ರಲ್ಲಿ ಬಂದ ಕಾಯಿದೆ, ನಿರ್ದಿಷ್ಟ ದೇಶಗಳ ಕೆಲಸ ಕಳೆದುಕೊಂಡವರು ಊರಿಗೆ ಮರಳುವುದಾದರೆ 10,500 ಮಾರ್ಕುಗಳನ್ನೂ, ಮಗುವೊಂದಕ್ಕೆ 1,500 ಮಾರ್ಕುಗಳನ್ನೂ ಕೊಡುವುದಾಗಿ ಹೇಳಿತು. ಕೆಲವರು ಹಣ ಪಡೆದು ಹೋದರು, ಬಹುಮಂದಿ ಉಳಿದರು. 1913ರ ಪೌರತ್ವದ ಕಾಯಿದೆ ರಕ್ತಸಂಬಂಧವನ್ನೇ ಆಧಾರವಾಗಿ ಹಿಡಿದಿತ್ತು. ಆದ್ದರಿಂದ ಜರ್ಮನಿಯಲ್ಲೇ ಹುಟ್ಟಿ, ಜರ್ಮನ್ ಭಾಷೆಯಲ್ಲೇ ಕನಸು ಕಾಣುವ ಮಕ್ಕಳೂ ಕಾಗದದ ಮೇಲೆ ಪರದೇಶಿಗಳಾಗಿಯೇ ಬೆಳೆದರು. ಇದು ಸಡಿಲಗೊಂಡದ್ದು 2000ದ ಜನವರಿಯಲ್ಲಿ, ಹೊಸ ಪೌರತ್ವ ಕಾಯಿದೆ ಜಾರಿಗೆ ಬಂದಾಗ.

ಆ 2000ದ ವರ್ಷವೇ ನಮ್ಮ ಬೆಂಗಳೂರು ಈ ಕಥೆಯೊಳಗೆ ಪ್ರವೇಶಿಸಿತು. ಆ ಫೆಬ್ರವರಿಯಲ್ಲಿ ಹ್ಯಾನೋವರಿನ ಗಣಕಯಂತ್ರ ಮೇಳದಲ್ಲಿ ಪ್ರಧಾನಿ ಗೆರ್ಹಾರ್ಡ್ ಶ್ರೋಡರ್ ಅವರು ಹೊರಗಿನಿಂದ ಗಣಕ ತಜ್ಞರನ್ನು ಕರೆಸುವುದಾಗಿ ಸಾರಿದರು. ಆಗಸ್ಟ್ 1ರಿಂದ ಯೋಜನೆ ಜಾರಿಗೆ ಬಂದಿತು. ಅಮೆರಿಕದಿಂದ ಎರವಲು ಪಡೆದು ಅದಕ್ಕೆ ಗ್ರೀನ್ ಕಾರ್ಡ್ ಎಂದು ಹೆಸರಿಟ್ಟರು. ಹೆಸರು ಅಮೆರಿಕದ್ದು, ತಿರುಳು ಹಳೆಯ ಜರ್ಮನಿಯದೇ. ಅಮೆರಿಕದಲ್ಲಿ ಗ್ರೀನ್ ಕಾರ್ಡ್ ಎಂದರೆ ಶಾಶ್ವತ ವಾಸದ ಹಕ್ಕು. ಜರ್ಮನಿಯ ಗ್ರೀನ್ ಕಾರ್ಡಿಗೆ ಹೆಚ್ಚೆಂದರೆ ಐದು ವರ್ಷಗಳ ಆಯುಷ್ಯ. 1961ರ ಎರಡು ವರ್ಷ ಈಗ ಐದಾಗಿತ್ತು, ತಿರುಪಿನ ಬದಲು ಗಣಕಯಂತ್ರ ಬಂದಿತ್ತು, ಅಷ್ಟೆ. ಇದನ್ನೂ ಸಹಿಸದ ವಿರೋಧ ಪಕ್ಷದ ನಾಯಕ ಯೂರ್ಗನ್ ರ‍್ಯೂಟ್‌ಗರ್ಸ್ ಅವರ ಚುನಾವಣಾ ಪ್ರಚಾರದಲ್ಲಿ, ಭಾರತೀಯರ ಬದಲು ನಮ್ಮ ಮಕ್ಕಳು ಎಂಬ ಅರ್ಥದ ಪ್ರಾಸಬದ್ಧ ಘೋಷಣೆಯೊಂದು ಹುಟ್ಟಿಕೊಂಡಿತು. ಆ ಚುನಾವಣೆಯಲ್ಲಿ ಅವರು ಸೋತರು. ಆದರೆ ಅಂಥ ಘೋಷಣೆ ಕೇಳಿಬರುವ ನಾಡಿಗೆ, ಐದೇ ವರ್ಷಗಳಿಗಾಗಿ, ಹೊಸ ಭಾಷೆಯನ್ನು ಕಲಿತು ಹೋಗುವವರು ಎಷ್ಟು ಮಂದಿ? 20,000 ಜನ ಬರಬಹುದೆಂದು ಬಾಗಿಲು ತೆರೆದಿದ್ದರು. 2004ರ ಕೊನೆಗೆ ಯೋಜನೆ ಮುಗಿದಾಗ ಆ ಸಂಖ್ಯೆ ತುಂಬಿರಲಿಲ್ಲ. ಬಂದವರಲ್ಲಿ ಭಾರತೀಯರದೇ ದೊಡ್ಡ ಗುಂಪು.

ಈ ಸೋಲಿನಿಂದ ಜರ್ಮನಿ ಪಾಠ ಕಲಿಯಿತೆಂಬುದನ್ನು ಒಪ್ಪಿಕೊಳ್ಳಬೇಕು. ರೀಟಾ ಸ್ಯೂಸ್‌ಮುತ್ ಅವರ ಅಧ್ಯಕ್ಷತೆಯ ಆಯೋಗ 2001ರಲ್ಲಿ ಕೊಟ್ಟ ವರದಿ, ದೇಶಕ್ಕೆ ವಲಸೆಗಾರರು ಬೇಕೆಂದು ನೇರವಾಗಿ ಹೇಳಿತು. ಬಹಳ ಜಗ್ಗಾಟದ ಮೇಲೆ 2005ರ ಜನವರಿ 1ರಂದು ಹೊಸ ವಲಸೆ ಕಾಯಿದೆ ಜಾರಿಗೆ ಬಂದಿತು. ಅದು ಹಲವು ಬಗೆಯ ಪರವಾನಗಿಗಳನ್ನು ಕಡಿಮೆ ಮಾಡಿ ಮುಖ್ಯವಾಗಿ ಎರಡನ್ನು ಉಳಿಸಿತು. ಒಂದರ ಹೆಸರಿನಲ್ಲಿ ಔಫೆಂಟ್‌ಹಾಲ್ಟ್ ಎಂಬ ಪದವಿದೆ. ತಂಗುವುದು ಎಂದು ಅರ್ಥ. ನಡುದಾರಿಯಲ್ಲಿ ರೈಲು ನಿಲ್ಲುವುದಕ್ಕೂ ಅದೇ ಮಾತು. ಇನ್ನೊಂದರ ಹೆಸರಿನಲ್ಲಿ ನೀಡರ್‌ಲಾಸುಂಗ್ ಎಂಬ ಪದವಿದೆ. ಇಳಿದು ಕೂರುವುದು, ನೆಲೆಯೂರುವುದು ಎಂದು ಅರ್ಥ. ನಮ್ಮ ಬಿಡಾರ ಮತ್ತು ಒಕ್ಕಲು ಇವಕ್ಕಿಂತ ಬೇರೆಯಲ್ಲ. ಸಾಮಾನ್ಯವಾಗಿ ಐದು ವರ್ಷ ನೆಲಸಿ, 60 ತಿಂಗಳು ನಿವೃತ್ತಿವೇತನ ನಿಧಿಗೆ ವಂತಿಗೆ ಕಟ್ಟಿ, ಭಾಷೆಯನ್ನು ತಕ್ಕಮಟ್ಟಿಗೆ ಕಲಿತವನಿಗೆ ಎರಡನೆಯದು ದೊರೆಯುತ್ತದೆ. 2012ರಲ್ಲಿ ಯುರೋಪಿನ ನೀಲಿ ಕಾರ್ಡ್ ಬಂದಿತು. ಅದನ್ನು ಪಡೆದ ಪದವೀಧರರಿಗೆ 33 ತಿಂಗಳಲ್ಲಿ, ಭಾಷೆ ಚೆನ್ನಾಗಿ ಕಲಿತಿದ್ದರೆ 21 ತಿಂಗಳಲ್ಲೇ, ನೆಲೆಯ ಹಕ್ಕು ದೊರೆಯಿತು. 2023ರ ತಿದ್ದುಪಡಿಯಲ್ಲಿ ಆ 33 ಕೂಡ 27ಕ್ಕೆ ಇಳಿಯಿತು. 2024ರ ಅಕ್ಟೋಬರಿನಲ್ಲಿ, ಭಾರತದ ಕುಶಲ ಕೆಲಸಗಾರರಿಗೆ ವರ್ಷಕ್ಕೆ ಕೊಡುವ ವೀಸಾಗಳನ್ನು 20,000ದಿಂದ 90,000ಕ್ಕೆ ಏರಿಸುವುದಾಗಿ ಜರ್ಮನ್ ಸರ್ಕಾರ ಪ್ರಕಟಿಸಿತು.

ಇದಕ್ಕೆ ಹೋಲಿಸಿ ಅಮೆರಿಕವನ್ನೊಮ್ಮೆ ನೋಡಬಹುದು. ಅಲ್ಲಿ 1990ರ ಕಾಯಿದೆ ಎಚ್-1ಬಿ ಎಂಬ ತಾತ್ಕಾಲಿಕ ವೀಸಾವನ್ನು ಈಗಿನ ರೂಪಕ್ಕೆ ತಂದಿತು. ಮೂರು ವರ್ಷ, ಮತ್ತೆ ಮೂರು ವರ್ಷ. ನೆಲಸುವ ಉದ್ದೇಶವನ್ನು ಬಚ್ಚಿಡಬೇಕಾಗಿಲ್ಲ; ಯಜಮಾನನೇ ಗ್ರೀನ್ ಕಾರ್ಡಿಗೆ ಅರ್ಜಿ ಹಾಕಬಹುದು. ಆದರೆ ಉದ್ಯೋಗದ ಆಧಾರದ ಮೇಲೆ ವರ್ಷಕ್ಕೆ ಕೊಡುವ ಕಾರ್ಡುಗಳು ಸುಮಾರು 1,40,000, ಹೆಂಡಿರು ಮಕ್ಕಳ ಲೆಕ್ಕವೂ ಅದರಲ್ಲೇ ಸೇರಿ. ಒಂದೇ ದೇಶದವರಿಗೆ ಶೇಕಡಾ 7ಕ್ಕಿಂತ ಹೆಚ್ಚು ಸಾಮಾನ್ಯವಾಗಿ ಸಲ್ಲದು. ಐಸ್‌ಲೆಂಡಿಗೂ ಭಾರತಕ್ಕೂ ಒಂದೇ ಅಳತೆ. ತತ್ಪರಿಣಾಮವಾಗಿ ಭಾರತೀಯರ ಸರದಿ ದಶಕಗಳವರೆಗೆ ಚಾಚಿದೆ. ತಂದೆತಾಯಿಯರ ಸರದಿ ಬರುವ ಮೊದಲೇ ಮಗುವಿಗೆ 21 ವರ್ಷ ತುಂಬಿದರೆ, ಆ ಮಗು ಅವರ ಅರ್ಜಿಯಿಂದ ಹೊರಬೀಳಬಹುದು. ಜರ್ಮನಿಯಲ್ಲಿ ಹಾದಿಯೇ ಇರಲಿಲ್ಲ, ಕಾಲ ಅದನ್ನು ಸವೆಸಿ ಮಾಡಿತು. ಅಮೆರಿಕದಲ್ಲಿ ಹಾದಿ ಇದೆ, ಕಾಲವೇ ಅದನ್ನು ಮುಚ್ಚಿತು. ಕೆನಡ 1967ರಲ್ಲೇ ವಿದ್ಯೆ, ವಯಸ್ಸು, ಭಾಷೆ, ಕಸುಬುಗಳಿಗೆ ಅಂಕ ಕೊಟ್ಟು, ಹೊಸ್ತಿಲಲ್ಲೇ ಶಾಶ್ವತ ವಾಸದ ಹಕ್ಕನ್ನು ಕೊಡುವ ಮೂರನೆಯ ಮಾರ್ಗ ಹಿಡಿಯಿತು. ಆದರೆ ತಾತ್ಕಾಲಿಕ ಕೆಲಸಗಾರರ ಸಮಸ್ಯೆ ಅದನ್ನೂ ಬಿಡಲಿಲ್ಲ.

ಈ ಇತಿಹಾಸದಿಂದ ಏನನ್ನು ತಿಳಿಯಬೇಕು? ಹೊರಗಿನವರೆಲ್ಲರನ್ನೂ ಒಳಗೆ ಕರೆಯಬೇಕೆಂದು ಯಾವ ದೇಶಕ್ಕೂ ನಾವು ಬುದ್ಧಿ ಹೇಳಲಾಗದು. ತನ್ನ ಮನೆಗೆ ಯಾರು ಬರಬೇಕೆಂಬುದನ್ನು ನಿಶ್ಚಯಿಸುವ ಹಕ್ಕು ಮನೆಯವರದೇ. ಆದರೆ ಕರೆಸಿಕೊಂಡ ಮೇಲೆ, ದುಡಿಸಿಕೊಂಡ ಮೇಲೆ, ವರ್ಷ ವರ್ಷವೂ ಕಾಗದಕ್ಕೆ ಮುದ್ರೆ ಒತ್ತಿದ ಮೇಲೆ, ನೀನು ಇನ್ನೂ ಬಿಡಾರದವನೇ ಎನ್ನುವ ಹಕ್ಕು ಕ್ರಮೇಣ ಸವೆಯುತ್ತದೆ. 1978ರ ತೀರ್ಪು ಹೇಳಿದ್ದು ಇದನ್ನೇ. ಕಾಲವೂ ಒಂದು ಬಗೆಯ ಕರಾರು. ಅದಕ್ಕೆ ಸಹಿ ಬೇಕಿಲ್ಲ.

ನಮ್ಮ ಕಡೆಯಿಂದಲೂ ಒಂದು ಮಾತು ಇದೆ. ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಜರ್ಮನ್ ವ್ಯಾಕರಣವನ್ನು ಉರುಹೊಡೆಯುವ ತರುಣ ತರುಣಿಯರಿಗೆ, ತಾವು ಪಡೆಯಲಿರುವ ಕಾಗದದಲ್ಲಿ ಯಾವ ಪದವಿದೆ ಎಂಬುದು ಮೊದಲೇ ತಿಳಿದಿರಬೇಕು. ಅದು ತಂಗುವ ಕಾಗದವೋ, ನೆಲಸುವ ಕಾಗದವೋ. ಒಂದರಿಂದ ಇನ್ನೊಂದಕ್ಕೆ ಎಷ್ಟು ತಿಂಗಳು, ಎಷ್ಟು ವಂತಿಗೆ, ಎಷ್ಟು ಭಾಷೆ. ಆ ಪೋರ್ಚುಗಲ್ಲಿನ ಬಡಗಿಗೆ ಮೊಪೆಡ್ ಕೊಟ್ಟವರು ಈ ಸಂಗತಿಗಳನ್ನು ತಿಳಿಸಿಕೊಡಲಿಲ್ಲ. ಇನ್ನೂ ಮುಂದೆ ಹೋಗಿ ಆ ದೇಶದ ಪೌರತ್ವವನ್ನೇ ಪಡೆದರೆ, ನಮ್ಮ ಸಂವಿಧಾನದಂತೆ ಭಾರತದ ಪೌರತ್ವ ಬಿಟ್ಟುಹೋಗುತ್ತದೆ. ಜರ್ಮನಿ ಎರಡು ಪೌರತ್ವಗಳಿಗೆ ಒಪ್ಪಿದರೂ ಭಾರತ ಒಪ್ಪುವುದಿಲ್ಲ. ಆದ್ದರಿಂದ ಅನೇಕರು ನೆಲೆಯ ಹಕ್ಕಿನ ಹೊಸ್ತಿಲಲ್ಲೇ ನಿಂತು, ಪೌರತ್ವದ ಒಳಮನೆಗೆ ಕಾಲಿಡದೆ ಉಳಿಯುತ್ತಾರೆ. ಅದು ಅವರವರ ಮನಸ್ಸಿಗೆ ಬಿಟ್ಟದ್ದು.

2024ರ ಜೂನಿನಲ್ಲಿ ಜಾರಿಗೆ ಬಂದ ಜರ್ಮನಿಯ ಪೌರತ್ವ ಕಾಯಿದೆಯ ತಿದ್ದುಪಡಿ, ಎಂಟು ವರ್ಷಗಳ ವಾಸದ ನಿಯಮವನ್ನು ಐದಕ್ಕೆ ಇಳಿಸಿತು. ವಿಶೇಷ ಯೋಗ್ಯತೆಯುಳ್ಳವರಿಗೆ ಮೂರೇ ವರ್ಷ ಎಂದೂ ಹೇಳಿತ್ತು; ಈ ಭಾಗವನ್ನು 2025ರಲ್ಲಿ ಹಿಂತೆಗೆದುಕೊಂಡರು. ಹಾದಿ ಒಮ್ಮೆ ಅಗಲವಾಗುತ್ತದೆ, ಒಮ್ಮೆ ಕಿರಿದಾಗುತ್ತದೆ ಎಂಬುದಕ್ಕೆ ಇದೂ ಸಾಕ್ಷಿ. ಆ ತಿದ್ದುಪಡಿಯಲ್ಲಿ ಹೆಚ್ಚು ಜನರ ಕಣ್ಣಿಗೆ ಬೀಳದ ಇನ್ನೊಂದು ಅಂಶವಿದೆ. ಹಿಂದೆ ಅತಿಥಿ ಕೆಲಸಗಾರರಾಗಿ ಬಂದ ಆ ಹಳೆಯ ತಲೆಮಾರಿನವರು ಪೌರತ್ವ ಕೇಳಿದರೆ, ಅವರು ಬರೆಯುವ ಪರೀಕ್ಷೆಗೆ ಕೂರಬೇಕಾಗಿಲ್ಲ. ದಿನಬಳಕೆಯ ಜರ್ಮನ್ ಮಾತು ಬಂದರೆ ಸಾಕು. ಆ ಜನಕ್ಕೆ ಈಗ ಎಂಬತ್ತರ ಆಸುಪಾಸು. ಅವರು ಬಂದ ದಿನಗಳಲ್ಲಿ ಅವರಿಗೆ ಭಾಷೆ ಕಲಿಸಬೇಕೆಂದು ಯಾರಿಗೂ ಅನ್ನಿಸಿರಲಿಲ್ಲ. ಹೋಗುವವರಿಗೆ ಭಾಷೆ ಏಕೆಂದು ಬಿಟ್ಟಿದ್ದರು. ಅವರು ಹೋಗಲಿಲ್ಲ. ಮ್ಯೂನಿಕ್ಕಿನ 11ನೆಯ ಪ್ಲಾಟ್‌ಫಾರಮ್ಮಿನಲ್ಲಿ ಅವರು ಇಳಿದು ಅರುವತ್ತು ವರ್ಷಗಳಾದ ಮೇಲೆ, ಅದನ್ನು ಕಾಯಿದೆಯೂ ಒಪ್ಪಿಕೊಂಡಿತು.